ಎಲ್ಲ ಸರಿಯಾಗಿದೆ ತಾನೇ?

ಸಕ್ಕರೆ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಕೊಡುವ ಚಹಾಕ್ಕೆ ಯಾವಾಗಲೂ ಒಂದು ಚಮಚ ಸಕ್ಕರೆ ಹೆಚ್ಚೇ ಬಿದ್ದಿರುತ್ತದೆ. ಮನೆಯ ಮಾಲು, ಕೇಳುವವರು ಯಾರು? ಆ ಚಹಾ ಮುಗಿಸಿ ಕಪ್ಪು ಕೆಳಗಿಡುವ ಮೊದಲೇ ಮ್ಯಾನೇಜರ ಬಾಯಿಂದ ಬರುವ ಪ್ರಶ್ನೆಯೂ ಯಾವಾಗಲೂ ಅದೇ: “ಎಲ್ಲ ಸರಿಯಾಗಿದೆ ತಾನೇ?” ನಾನಿನ್ನೂ ಪೆಟ್ಟಿಗೆಯ ಬೀಗ ತೆಗೆದಿರುವುದಿಲ್ಲ. ಕಂಡೆನ್ಸರಿನ ಮುಚ್ಚಳದ ಬೋಲ್ಟುಗಳನ್ನು ಅವರೂ ಬಿಚ್ಚಿಸಿರುವುದಿಲ್ಲ. ದುಡ್ಡು ಕೊಟ್ಟು ನನ್ನನ್ನು ಕರೆಸುವುದು ದೋಷ ಹುಡುಕುವುದಕ್ಕೆ, ಬಾಗಿಲಲ್ಲಿ ಎದುರುಗೊಂಡು ಬೇಡಿಕೊಳ್ಳುವುದು ದಯವಿಟ್ಟು ಯಾವುದೂ ಸಿಗದಿರಲಿ ಎಂದು. ಈ ಎರಡರ ನಡುವಿನ ಸಂದಿಯಲ್ಲೇ ನನ್ನ ಸಂಸಾರ ಸಾಗಿತು, ಮಕ್ಕಳ ಓದಾಯಿತು, ಸೈಟಿನ ಮೇಲೊಂದು ಮನೆಯೂ ಎದ್ದಿತು.

ನನ್ನ ಕಸುಬು ಲೋಹದೊಳಗೆ ಅಡಗಿರುವ ಬಿರುಕು, ಸವಕಳಿ, ತೂತುಗಳನ್ನು ಪತ್ತೆ ಹಚ್ಚುವುದು. ಲೋಹವನ್ನು ಕೊಯ್ಯುವಂತಿಲ್ಲ, ಮುರಿಯುವಂತಿಲ್ಲ. ನಾನು ನೋಡಿ ಹೋದ ಮೇಲೆ ಅದು ಮತ್ತೆ ಕೆಲಸಕ್ಕೆ ಕೂರಬೇಕು. ಈ ವಿದ್ಯೆಯಲ್ಲಿ ಹಲವು ಪಂಗಡಗಳಿವೆ: ಎಕ್ಸ್‌ರೇ ಹಿಡಿಯುವವರು, ಅಲ್ಟ್ರಾಸೋನಿಕ್‌ನವರು, ಕೆಂಪು ಬಣ್ಣ ಬಳಿದು ಒರೆಸಿ ಬಿರುಕನ್ನು ಮೂಡಿಸುವವರು. ನಾನು ಎಡ್ಡಿ ಕರೆಂಟ್ ಪಂಗಡದವನು. ಪಠ್ಯಪುಸ್ತಕದವರು ಸುಳಿ ವಿದ್ಯುತ್ತು ಎಂದು ಬರೆದರೂ ಕಾರ್ಖಾನೆಯಲ್ಲಿ ಎಲ್ಲರಿಗೂ ಅದು ಬರೀ ‘ಎಡ್ಡಿ’. “ಎಡ್ಡಿಯವರು ಬಂದ್ರು” ಎಂದು ಗೇಟಿನಿಂದ ಫೋನು ಹೋಗುವುದನ್ನು ಕೇಳಿ ಕೇಳಿ ಒಂದು ಕಾರ್ಖಾನೆಯ ಅಡುಗೆಯವರು ಅದು ನನ್ನ ಮನೆತನದ ಹೆಸರೆಂದೇ ತಿಳಿದಿದ್ದರು. ‘ಎಡ್ಡಿ ಸಾಹೇಬ್ರ, ರೊಟ್ಟಿ ಇನ್ನೊಂದು ಹಾಕ್ಲೇನ್ರಿ?’ ನಾನು ತಿದ್ದಲಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ ಮನೆತನಗಳಿರುವ ಸೀಮೆಯಲ್ಲಿ ಎಡ್ಡಿ ಮನೆತನ ಇರಬಾರದೆಂದೇನು?

ಕಾರ್ಖಾನೆಯ ಒಳಗೆ ಹೋಗಬೇಕಾದರೆ ಗೇಟಿನಲ್ಲಿ ಸೆಕ್ಯುರಿಟಿಯವರ ಕೈಗೋಲಿಗೆ ಮೈಯೊಡ್ಡಬೇಕು. ಕೀಂ ಎಂದು ಕೂಗುವ ಆ ಕೋಲು ನನ್ನ ಪೆಟ್ಟಿಗೆಯ ದಾಯಾದಿ. ಅದರ ತುದಿಯಲ್ಲೂ ಒಂದು ತಂತಿಸುರುಳಿ ಇದೆ, ಅದೂ ನನ್ನ ಬೆಲ್ಟಿನ ಬಕಲ್ಲಿನಲ್ಲಿ ಎಡ್ಡಿ ಕರೆಂಟು ಹುಟ್ಟಿಸಿಯೇ ಕೂಗುತ್ತದೆ.

“ಪೆಟ್ಟಿಗ್ಯಾಗ ಏನೈತ್ರಿ?”

“ಮಶೀನು. ಲೋಹದಲ್ಲಿ ತೂತು ಹುಡುಕೋದು.”

“ತೂತು ಕಣ್ಣಿಗೆ ಕಾಣಂಗಿಲ್ಲೇನ್ರಿ?”

“ಒಳಗೆ ಇರುತ್ತಲ್ಲ.”

“ಒಳಗ ಇದ್ರ ಇರವಲ್ದ್ಯಾಕ ಬಿಡ್ರಿ” ಎಂದು ಅವರು ರಿಜಿಸ್ಟರು ಮುಂದಕ್ಕೆ ತಳ್ಳಿದರು. ಆ ಕಾರ್ಖಾನೆಯಲ್ಲಿ ಮ್ಯಾನೇಜರಿಂದ ಹಿಡಿದು ಕಾವಲುಗಾರನವರೆಗೆ ಒಂದೇ ಸಿದ್ಧಾಂತ.

ಈಗಿನ ದೊಡ್ಡ ಸಕ್ಕರೆ ಕಾರ್ಖಾನೆಗಳು ಸಕ್ಕರೆಯ ಜೊತೆಗೆ ಕರೆಂಟನ್ನೂ ಮಾಡಿ ಮಾರುತ್ತವೆ. ರಸ ಹಿಂಡಿದ ಕಬ್ಬಿನ ಸಿಪ್ಪೆ ಉರಿಸಿ ಬಾಯ್ಲರಿನಲ್ಲಿ ಉಗಿ ಎಬ್ಬಿಸಿ ಟರ್ಬೈನ್ ತಿರುಗಿಸುತ್ತಾರೆ. ಕೆಲಸ ಮುಗಿಸಿದ ಉಗಿ ಕಂಡೆನ್ಸರಿಗೆ ಬಂದು, ತಣ್ಣೀರು ಹರಿಯುವ ಸಾವಿರಾರು ಕೊಳವೆಗಳಿಗೆ ತಾಗಿ ಮತ್ತೆ ನೀರಾಗಿ ಬಾಯ್ಲರಿಗೆ ಹಿಂತಿರುಗುತ್ತದೆ. ಒಳಗಿನ ನೀರು ಬಲು ಮಡಿ, ಉಪ್ಪು-ಸುಣ್ಣದ ಸೋಂಕಿಲ್ಲದ್ದು. ಕೊಳವೆಯಲ್ಲಿ ಹರಿಯುವುದು ಊರ ಹೊಳೆಯ ನೀರು. ಕೊಳವೆಯೊಂದು ತೂತಾದರೆ ಒಳಗಿನ ನಿರ್ವಾತ ಹೊಳೆ ನೀರನ್ನು ಸೆಳೆದುಕೊಳ್ಳುತ್ತದೆ, ಮಡಿ ಕೆಡುತ್ತದೆ, ಬಾಯ್ಲರಿನ ಕೊಳವೆಗಳಲ್ಲಿ ಕಿಟ್ಟ ಕಟ್ಟುತ್ತದೆ. ಆಮೇಲಿನ ಖರ್ಚಿನ ಲೆಕ್ಕ ಮ್ಯಾನೇಜರರಿಗೆ ಗೊತ್ತು. ಗೊತ್ತಿರುವುದರಿಂದಲೇ ಚಹಾದ ಜೊತೆ ಆ ಪ್ರಶ್ನೆ.

ಕಬ್ಬು ನುರಿಸುವ ಸೀಸನ್ ಮುಗಿದು ಬಿರುಬೇಸಿಗೆ ಹತ್ತಿದಾಗ ನಮಗೆ ಕರೆ. ಕಂಡೆನ್ಸರಿನ ಪಕ್ಕದ ಸಣ್ಣ ಕಂಡಿಯಿಂದ ಮೊದಲು ಕಾಲು, ಆಮೇಲೆ ಸೊಂಟ, ಕಡೆಗೆ ಹೆಲ್ಮೆಟ್ಟು ತೂರಿಸಿ ಒಳಗಿಳಿಯಬೇಕು. ಅದಕ್ಕೆ ವಾಟರ್ ಬಾಕ್ಸ್ ಎನ್ನುತ್ತಾರೆ. ಒಳಗೆ 24 ವೋಲ್ಟಿನ ಕೈದೀಪದ ಹಳದಿ ಬೆಳಕು, ಒಣಗಿದ ಪಾಚಿಯ ವಾಸನೆ, ಕಾಲಡಿಯಲ್ಲಿ ಮೀನಿನ ಮುಳ್ಳು, ಎಲ್ಲಿಂದಲೋ ತೇಲಿ ಬಂದ ಶಾಂಪೂ ಪ್ಯಾಕೆಟ್ಟು. ಎದುರಿಗೆ ಆಳೆತ್ತರದ ಉಕ್ಕಿನ ತಟ್ಟೆ. ಅದರ ತುಂಬ ಸಾಲುಸಾಲಾಗಿ ಕೊಳವೆಗಳ ಬಾಯಿ. ಒಂದೊಂದೂ 19 ಮಿಲಿಮೀಟರ್ ಅಗಲದ, ತಾಮ್ರ-ಸತುವಿಗೆ ಚೂರು ತವರ ಬೆರೆಸಿದ ಹಿತ್ತಾಳೆಯ ಕೊಳವೆ. ಗೋಡೆಯ ದಪ್ಪ ಹೆಚ್ಚುಕಡಿಮೆ ಒಂದೂಕಾಲು ಮಿಲಿಮೀಟರ್. ಬಾಕಿ ಎಲ್ಲವೂ ಆ ಒಂದೂಕಾಲು ಮಿಲಿಮೀಟರಿನ ಕಥೆ.

ಬೆರಳು ಗಾತ್ರದ ಪ್ರೋಬನ್ನು ಉದ್ದನೆಯ ನೈಲಾನ್ ಕೇಬಲ್ಲಿನ ತುದಿಯಲ್ಲಿ ಕಟ್ಟಿ ಕೊಳವೆಯೊಳಗೆ ಆ ತುದಿ ಮುಟ್ಟುವವರೆಗೆ ತಳ್ಳುತ್ತಾರೆ. ಆಮೇಲೆ ಜಗ್ಗದೆ, ನಿಲ್ಲಿಸದೆ, ಒಂದೇ ಹದದಲ್ಲಿ ಎಳೆಯಬೇಕು. ಎಳೆಯುವಾಗಲೇ ನಾನು ಪರದೆ ನೋಡುವುದು. ಪ್ರೋಬಿನಲ್ಲಿ ಪಕ್ಕಪಕ್ಕ ಎರಡು ತಂತಿಸುರುಳಿಗಳು. ಅವುಗಳಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕರೆಂಟು. ಆ ಕಾಂತಕ್ಷೇತ್ರದ ತೊಯ್ದಾಟಕ್ಕೆ ಹಿತ್ತಾಳೆಯ ಗೋಡೆಯಲ್ಲಿ ಉಂಗುರ ಉಂಗುರವಾಗಿ ಕರೆಂಟು ಏಳುತ್ತದೆ, ಎದ್ದದ್ದು ತನ್ನನ್ನು ಹುಟ್ಟಿಸಿದ ಸುರುಳಿಗೇ ಎದುರು ನಿಲ್ಲುತ್ತದೆ. ಗೋಡೆ ಸರಿಯಾಗಿರುವಷ್ಟು ಹೊತ್ತು ಎರಡೂ ಸುರುಳಿಗಳ ಮೇಲಿನ ಒತ್ತಾಯ ಸಮಸಮ, ಪರದೆಯ ಮೇಲಿನ ಹಸಿರು ಚುಕ್ಕಿ ನಡುಮಧ್ಯದಲ್ಲಿ ಕೂತಿರುತ್ತದೆ. ಎಲ್ಲೋ ಒಂದು ಕಡೆ ಗೋಡೆ ಸವೆದಿದ್ದರೆ, ಬಿರುಕಿದ್ದರೆ, ಉಂಗುರಗಳು ಅದನ್ನು ಬಳಸಿಕೊಂಡು ಹೋಗಬೇಕಾಗುತ್ತದೆ. ಯಂತ್ರಕ್ಕೆ ಬಿರುಕು ಕಾಣುವುದಿಲ್ಲ. ಕರೆಂಟು ದಾರಿ ಬಳಸಿತು ಎಂಬುದಷ್ಟೇ ಅದಕ್ಕೆ ಗೊತ್ತಾಗುವುದು. ಮೊದಲ ಸುರುಳಿ ಆ ಜಾಗಕ್ಕೆ ಬಂದಾಗ ಚುಕ್ಕಿ ಒಂದು ಕಡೆ ಓಡುತ್ತದೆ, ಎರಡನೆಯದು ಬಂದಾಗ ಇನ್ನೊಂದು ಕಡೆ. ಪರದೆಯ ಮೇಲೆ ಓರೆಯಾಗಿ ಮಲಗಿದ ಒಂದು ಎಂಟು ಮೂಡುತ್ತದೆ. ಕನ್ನಡದ ಎಂಟಲ್ಲ, ಇಂಗ್ಲಿಷಿನದು.

ಕೇಬಲ್ ಎಳೆಯುವ ಮೇಸ್ತ್ರಿಗೆ ಎರಡೇ ದಿನದಲ್ಲಿ ಇದೆಲ್ಲ ಬಾಯಿಪಾಠ.

“ಸಾಹೇಬ್ರ, ಎಂಟು ಬಂತೇನ್ರಿ?”

“ಬಂತು.”

“ದೊಡ್ಡದೈತೋ, ಸಣ್ಣದೈತೋ?”

“ದೊಡ್ಡದು ಚಿಕ್ಕದು ಅಂತಲ್ಲ, ಅದು ಯಾವ ಕಡೆ ವಾಲಿದೆ ಅನ್ನೋದು ಮುಖ್ಯ.”

ಮೇಸ್ತ್ರಿ ಸ್ವಲ್ಪ ಹೊತ್ತು ಯೋಚಿಸಿದರು. “ಅಂದ್ರ ನಮ್ಮ ಅಕೌಂಟ್ಸ್ ಸಾಹೇಬ್ರ ಸಹಿ ಇದ್ದಂಗ್ರಿ. ಹೆಂಗ ವಾಲೇತಿ ನೋಡಿನ ಬಿಲ್ ಪಾಸಾಗ್ತೈತೋ ಇಲ್ಲೋ ಹೇಳಬೌದು.”

ಎಷ್ಟೋ ತರಬೇತಿ ತರಗತಿಗಳಲ್ಲಿ ಕೂತಿದ್ದೇನೆ, ಫೇಸ್ ಆಂಗಲ್ ಎಂಬುದನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಎಂಟಿನ ವಾಲು ನೋಡಿಯೇ ನಾವು ಸವಕಳಿ ಎಷ್ಟು ಆಳ ಎಂದು ಹೇಳುವುದು. ಆದರೆ ಯಾವ ವಾಲಿಗೆ ಎಷ್ಟು ಆಳ ಎಂಬುದನ್ನು ಯಂತ್ರಕ್ಕೆ ಮೊದಲು ಕಲಿಸಬೇಕು. ಅದಕ್ಕೆಂದೇ ಕ್ಯಾಲಿಬ್ರೇಷನ್ ಟ್ಯೂಬ್ ಎಂಬ ಒಂದು ತುಂಡು ಕೊಳವೆ ಇರುತ್ತದೆ. ಅದೇ ಹಿತ್ತಾಳೆ, ಅದೇ ಅಳತೆ, ಆದರೆ ಬೇಕೆಂದೇ ಕೆಡಿಸಿದ್ದು. ಒಂದು ತೂತು ಆರ್‌ಪಾರ್. ಇನ್ನೊಂದು ಗೋಡೆಯ ನೂರಕ್ಕೆ 80ರಷ್ಟು ಆಳ, ಮುಂದಿನದು 60, ಆಮೇಲೆ 40, ಕಡೆಗೆ 20. ಆರ್‌ಪಾರ್ ತೂತಿನ ಎಂಟನ್ನು 40 ಡಿಗ್ರಿಗೆ ಕೂರಿಸಿಕೊಂಡರೆ ಹೊರಮೈಯ ಉಳಿದ ಗಾಯಗಳೆಲ್ಲ ಆಳ ಕಡಿಮೆಯಾದ ಹಾಗೆ ಒಂದೊಂದಿಷ್ಟು ಹೊರಳಿಕೊಂಡು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ. ಗೊತ್ತಿರುವ ದೋಷ ಕೈಯಲ್ಲಿಲ್ಲದೆ ಗೊತ್ತಿಲ್ಲದ ದೋಷವನ್ನು ಹುಡುಕುವುದಕ್ಕೆ ನಾವು ಹೊರಡುವುದೇ ಇಲ್ಲ. ಆ ಕೊಳವೆಗೆ ಸರ್ಟಿಫಿಕೇಟು ಬೇರೆ ಇದೆ. ಇದರಲ್ಲಿ ಇಂತಿಂಥ ಕೊರತೆಗಳು ಇಂತಿಂಥ ಅಳತೆಯಲ್ಲಿವೆ ಎಂದು ಸಹಿ-ಸೀಲು ಹಾಕಿ ಕೊಟ್ಟದ್ದು. ಮನುಷ್ಯರಲ್ಲಿ ಅಂಥ ಪತ್ರ ಇಟ್ಟುಕೊಂಡವರನ್ನು ನಾನು ನೋಡಿಲ್ಲ.

ಹಳೆಯದೊಂದು ಕೊಳವೆ ನಿವೃತ್ತಿಯ ಹೊತ್ತಿಗೆ ನನ್ನ ಜೊತೆ ಮನೆಗೆ ಬಂತು. ಮೊಮ್ಮಗ ಅದನ್ನು ಕೊಳಲೆಂದುಕೊಂಡು ತುಟಿಗಿಟ್ಟು ಊದಿದ, ಬೆರಳು ಮುಚ್ಚಿ ತೆರೆದು ನೋಡಿದ.

“ತಾತ, ಇದರಲ್ಲಿ ಒಂದೇ ತೂತಿನಲ್ಲಿ ಗಾಳಿ ಬರುತ್ತೆ.”

“ಉಳಿದವು ಪೂರ್ತಿ ಕೊರೆದಿಲ್ಲ ಕಣೋ.”

“ಯಾಕೆ? ನೀನು ಪೂರ್ತಿ ದುಡ್ಡು ಕೊಡಲಿಲ್ವಾ?”

ಪೂರ್ತಿ ಕೊರೆಯದೆ ಬಿಟ್ಟಿದ್ದಕ್ಕೇ ಹೆಚ್ಚು ದುಡ್ಡು ಎಂದು ಆ ವಯಸ್ಸಿನವರಿಗೆ ಹೇಗೆ ಹೇಳುವುದು?

ಈ ಕರೆಂಟಿನ ಮೊದಲ ಪರಿಚಯ ನನಗೆ ಆದದ್ದು ಕಾರ್ಖಾನೆಯಲ್ಲಲ್ಲ, ನಮ್ಮ ಹಳೆಯ ಮನೆಯ ಜಗುಲಿಯಲ್ಲಿ. ಅಲ್ಲಿ ಕರಿ ಡಬ್ಬದ ಕರೆಂಟಿನ ಮೀಟರು ಇತ್ತು, ಗಾಜಿನ ಹಿಂದೆ ಅಂಚಿಗೆ ಒಂದು ಗುರುತು ಬಳಿದ ಅಲ್ಯೂಮಿನಿಯಮ್ ಬಿಲ್ಲೆ ತಿರುಗುತ್ತಿತ್ತು. ನಮ್ಮಪ್ಪ ಸಂಜೆ ಅದರ ಮುಂದೆ ನಿಂತು ಒಳಕ್ಕೆ ಕೂಗುತ್ತಿದ್ದರು: “ಇಷ್ಟು ಓಡ್ತಿದೆ, ಯಾರು ಇಸ್ತ್ರಿ ಪೆಟ್ಟಿಗೆ ಹಾಕಿರೋದು?” ಬಿಲ್ಲೆಗೆ ಯಾವ ತಂತಿಯೂ ಮುಟ್ಟಿರಲಿಲ್ಲ. ಹಿಂದಿನ ವಿದ್ಯುತ್ ಕಾಂತಗಳು ಅದರೊಳಗೆ ಎಡ್ಡಿ ಕರೆಂಟು ಎಬ್ಬಿಸಿ ತಿರುಗಿಸುತ್ತಿದ್ದವು, ಪಕ್ಕದ ಕುದುರೆಲಾಳದಂಥ ಕಾಂತ ಅದೇ ಕರೆಂಟನ್ನು ಬಳಸಿ ಬ್ರೇಕು ಹಾಕುತ್ತಿತ್ತು. ಇದರ ಗುಟ್ಟು ನಮ್ಮ ಬೀದಿಯಲ್ಲಿ ಒಬ್ಬರಿಗೆ ತಿಳಿದಿತ್ತು. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಮೀಟರಿನ ಬಗಲಿಗೆ ಅಂಟಿಸಿ, ಮೇಲೊಂದು ವೆಂಕಟರಮಣಸ್ವಾಮಿಯ ಪಟ ನೇತುಹಾಕಿದ್ದರು. ರೀಡರ್ ಬಂದಾಗಲೆಲ್ಲ ಪಟಕ್ಕೆ ಹೂವು. ನಮ್ಮಪ್ಪನಿಗೆ ವಿಷಯ ಗೊತ್ತಿತ್ತು, ಸಿಟ್ಟೂ ಇತ್ತು. ಆದರೆ ಬಾಯಿ ಬಿಡಲಿಲ್ಲ. ಬೀದಿಯಲ್ಲಿ ಬಾಳಬೇಕಲ್ಲ. ಈಗ ಬಿಲ್ಲೆಯೂ ಇಲ್ಲ, ಮಿಣಮಿಣ ದೀಪದ ಡಿಜಿಟಲ್ ಮೀಟರು. ಅದರ ಮುಂದೆ ನಿಂತು ಬೈಯುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ.

ತಿರುಗುವ ಬಿಲ್ಲೆಯಿಂದಲೇ ಈ ಇಡೀ ವಂಶಾವಳಿ ಶುರು. 1824ರಲ್ಲಿ ಫ್ರಾನ್ಸಿನ ಅರಾಗೋ ಎಂಬಾತ ತಾಮ್ರದ ಬಿಲ್ಲೆಯನ್ನು ತಿರುಗಿಸಿದರೆ ಅದರ ಮೇಲೆ ನೇತಾಡುವ ದಿಕ್ಸೂಚಿಯ ಮುಳ್ಳೂ ಹಿಂದೆಯೇ ತಿರುಗುತ್ತದೆ ಎಂದು ತೋರಿಸಿದ. ತಾಮ್ರಕ್ಕೂ ಅಯಸ್ಕಾಂತಕ್ಕೂ ಏನು ಸಂಬಂಧ ಎಂದು ದೊಡ್ಡ ದೊಡ್ಡವರು ತಲೆ ಕೆರೆದುಕೊಂಡರು. 1831ರಲ್ಲಿ ಫ್ಯಾರಡೆ ಬಂದು ಉತ್ತರ ಹೇಳಬೇಕಾಯಿತು. 1855ರಲ್ಲಿ ಫುಕೋ ಕಾಂತದ ಧ್ರುವಗಳ ನಡುವೆ ತಾಮ್ರದ ಬಿಲ್ಲೆ ತಿರುಗಿಸಿ, ಅದು ಭಾರವಾಗುವುದನ್ನೂ ಬಿಸಿಯಾಗುವುದನ್ನೂ ಕಂಡ. ಇದನ್ನು ದೋಷ ಹುಡುಕುವುದಕ್ಕೆ ತಿರುಗಿಸಿದ್ದು 1879ರಲ್ಲಿ ಡೇವಿಡ್ ಹ್ಯೂಸ್. ಆತ ಮೊದಲು ಅಮೆರಿಕದ ಕೆಂಟಕಿಯಲ್ಲಿ ಸಂಗೀತದ ಮೇಷ್ಟರಾಗಿದ್ದವ. ಎರಡು ಜೊತೆ ಸುರುಳಿಗಳನ್ನು ತೂಕಕ್ಕೆ ತಂದು, ಟೆಲಿಫೋನನ್ನು ಕಿವಿಗೆ ಹಿಡಿದು, ಒಂದು ಕಡೆ ಒಳ್ಳೆಯ ನಾಣ್ಯ ಇನ್ನೊಂದು ಕಡೆ ಖೋಟಾ ನಾಣ್ಯ ಇಟ್ಟರೆ ಸದ್ದು ಏಳುತ್ತದೆ ಎಂದು ತೋರಿಸಿಕೊಟ್ಟ. ಶ್ರುತಿ ಹಿಡಿದು ಅಭ್ಯಾಸವಾದವನಿಗೆ ಅಪಸ್ವರ ಮೊದಲು ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹ್ಯೂಸನ ಈ ತಕ್ಕಡಿ ದೊಡ್ಡ ಪರೀಕ್ಷೆಗೆ ಬಿದ್ದದ್ದು ಎರಡೇ ವರ್ಷದಲ್ಲಿ. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಬೆನ್ನಿಗೆ ಗುಂಡು ಬಿತ್ತು. ಗುಂಡು ಒಳಗೇ ಉಳಿಯಿತು. ಎಕ್ಸ್‌ರೇ ಹುಟ್ಟುವುದಕ್ಕೆ ಇನ್ನೂ ಹದಿನಾಲ್ಕು ವರ್ಷ. ವೈದ್ಯರು ತೊಳೆಯದ ಬೆರಳನ್ನೇ ಗಾಯದೊಳಗೆ ತೂರಿಸಿ ಹುಡುಕಿದರು, ಒಬ್ಬರಾದ ಮೇಲೆ ಒಬ್ಬರು. ಆಗ ಟೆಲಿಫೋನಿನ ಗ್ರಹಾಂ ಬೆಲ್ ಮುಂದೆ ಬಂದ. ಹ್ಯೂಸನ ತಕ್ಕಡಿಯನ್ನು ಹದ ಮಾಡಿ, ಅಂತರ್ಯುದ್ಧದಲ್ಲಿ ಗುಂಡು ತಿಂದು ಅದನ್ನು ಮೈಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ ಮಾಜಿ ಸೈನಿಕರ ಮೇಲೆ ಪರೀಕ್ಷಿಸಿದ. ಸರಿಯಾಗಿಯೇ ಕೂಗಿತು. ಶ್ವೇತಭವನದಲ್ಲಿ, ರೋಗಿಯ ಮೈಮೇಲೆ ಹಿಡಿದರೆ ಎಲ್ಲಿಟ್ಟರೂ ಒಂದು ಮಂಕು ಸದ್ದು. ವಿಚಾರಿಸಿದರೆ, ಅಧ್ಯಕ್ಷರು ಮಲಗಿದ್ದ ಹಾಸಿಗೆಯ ಅಡಿಯಲ್ಲಿ ಉಕ್ಕಿನ ತಂತಿಯ ಜಾಲ!

ಈ ಕಥೆಯನ್ನು ನಮ್ಮ ತರಬೇತಿಯಲ್ಲಿ ಹಾಸಿಗೆಗೇ ನಿಲ್ಲಿಸಿ ನಗುತ್ತಾರೆ. ನನ್ನನ್ನು ಕಾಡುವುದು ಅದರ ಇನ್ನೊಂದು ಅರ್ಧ. ಮುಖ್ಯ ವೈದ್ಯ ಬ್ಲಿಸ್ ಗುಂಡು ಬಲಗಡೆ ಇದೆ ಎಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದ. ಬೆಲ್‌ಗೆ ಹುಡುಕಲು ಬಿಟ್ಟದ್ದೂ ಬಲಗಡೆಯಲ್ಲೇ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಕೊಯ್ದು ನೋಡಿದಾಗ ಗುಂಡು ಎಡಗಡೆ ಇತ್ತು. ಆ ಬ್ಲಿಸ್ ಸಾಹೇಬರನ್ನು ನಾನು ಎಷ್ಟು ಕಾರ್ಖಾನೆಗಳಲ್ಲಿ ಭೇಟಿಯಾಗಿದ್ದೇನೋ! “ಮೇಲಿನ ಸಾಲುಗಳನ್ನ ನೋಡೋದು ಬೇಡ, ಅಲ್ಲೇನೂ ಆಗಿರಲ್ಲ. ಕೆಳಗಿನವು ಸಾಕು” ಎಂದು ಕೈಗೆ ನಕ್ಷೆ ಕೊಡುವವರು. ಮೇಲಿನ ಸಾಲಿಗೇ ಉಗಿಯ ಮೊದಲ ಹೊಡೆತ ಬೀಳುವುದು ಎಂದು ಅವರಿಗೂ ಗೊತ್ತಿರುತ್ತದೆ.

ಎಡ್ಡಿ ಕರೆಂಟಿಗೆ ಅದರದೇ ಆದ ಮಿತಿಗಳಿವೆ. ಅದು ಮೇಲ್ಮೈಯ ಪ್ರಾಣಿ. ತಾಮ್ರದಲ್ಲಿ 50 ಹರ್ಟ್ಸ್‌ಗೆ ಸುಮಾರು 9 ಮಿಲಿಮೀಟರ್ ಆಳದವರೆಗೆ ಇಳಿಯುವ ಕರೆಂಟು ಹತ್ತು ಲಕ್ಷ ಹರ್ಟ್ಸ್‌ಗೆ ಏರಿಸಿದರೆ ಕೂದಲೆಳೆಯ ದಪ್ಪಕ್ಕಿಂತ ಕೆಳಗೆ ಹೋಗಲು ಒಪ್ಪುವುದಿಲ್ಲ. ಕಬ್ಬಿಣ, ಉಕ್ಕಿನಲ್ಲಂತೂ ಇನ್ನೂ ಫಜೀತಿ. ಅವು ಕಾಂತವನ್ನು ತಾವೇ ನುಂಗಿಕೊಳ್ಳುತ್ತವೆ, ಕರೆಂಟು ಹೊಸಿಲು ದಾಟುವುದಿಲ್ಲ. ಅಲ್ಲಿ ಬೇರೆ ದಾರಿ: ಉಕ್ಕಿಗೆ ಕಾಂತವನ್ನು ಹೊಟ್ಟೆ ಬಿರಿಯ ತುಂಬಿಸಿ, ಬಿರುಕಿದ್ದಲ್ಲಿ ಹೊರಕ್ಕೆ ಸೋರುವುದನ್ನು ಸಂವೇದಕದಿಂದ ಹಿಡಿಯುವುದು. 1868ರಲ್ಲೇ ಇಂಗ್ಲೆಂಡಿನ ಸ್ಯಾಕ್ಸ್‌ಬಿ ಎಂಬಾತ ಕಾಂತಗೊಳಿಸಿದ ಬಂದೂಕಿನ ನಳಿಗೆಯ ಉದ್ದಕ್ಕೂ ದಿಕ್ಸೂಚಿ ಓಡಿಸಿ ಹುಳುಕು ಹುಡುಕಿದ್ದ.

ನಮ್ಮ ಸೋದರಮಾವ ಕೋಲಾರದ ಚಿನ್ನದ ಗಣಿಯಲ್ಲಿ ವೈಂಡಿಂಗ್ ವಿಭಾಗದಲ್ಲಿದ್ದರು. ಪಂಜರದಂಥ ಕೇಜಿನಲ್ಲಿ ಆಳುಗಳನ್ನು ಇಳಿಸಿ ಹತ್ತಿಸುವ ಉಕ್ಕಿನ ಹಗ್ಗಗಳನ್ನು ನೋಡಿಕೊಳ್ಳುವವರ ಜೊತೆ ಕೆಲಸ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಹಂತಹಂತವಾಗಿ ಇಳಿಯುವುದಾದರೂ ಒಂದೊಂದು ಹಂತಕ್ಕೂ ಹಗ್ಗವೇ ಗತಿ. ಮಾವನ ಪರೀಕ್ಷಾ ಉಪಕರಣ ಒಂದು ಹಿಡಿ ಕಾಟನ್ ವೇಸ್ಟು. ಹಗ್ಗವನ್ನು ನಿಧಾನವಾಗಿ ಓಡಿಸುತ್ತ ಅದರ ಸುತ್ತ ಹತ್ತಿಯನ್ನು ಹಿಡಿದಿರಬೇಕು. ಎಲ್ಲಾದರೂ ತಂತಿಯ ಎಳೆ ತುಂಡಾಗಿ ಮುಳ್ಳಿನಂತೆ ಎದ್ದಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಮಾವನ ಅಂಗೈಯಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಅತ್ತೆ ಅವಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತ ಕಂಪನಿಗೆ ಬೈಯುತ್ತಿದ್ದರು, ಮಾವ ಅವನ್ನು ಅತಿಥಿಗಳಿಗೆ ತೋರಿಸುತ್ತಿದ್ದರು.

ಹಗ್ಗದ ಒಳಗಿನ ಎಳೆ ತುಂಡಾದರೆ ಹತ್ತಿಗೆ ಗೊತ್ತಾಗುವುದಿಲ್ಲ. ಕಾಂತದ ಸಂವೇದಕಕ್ಕೆ ಗೊತ್ತಾಗುತ್ತದೆ. ಎರಡು ಹೋಳಿನ ಒಂದು ದಪ್ಪ ಪಟ್ಟಿಯನ್ನು ಹಗ್ಗಕ್ಕೆ ತೊಡಿಸಿ ಓಡಿಸಿದರೆ, ತುಂಡಾದ ಕಡೆ ಸೋರುವ ಕಾಂತವನ್ನು ಹಾಲ್ ಸಂವೇದಕಗಳು ಹಿಡಿದು ಗೆರೆಯಾಗಿ ಬರೆಯುತ್ತವೆ. ಎಡ್ವಿನ್ ಹಾಲ್ ಈ ಸಂವೇದಕಗಳ ಹಿಂದಿನ ಗುಣವನ್ನು ಕಂಡುಹಿಡಿದದ್ದೂ 1879ರಲ್ಲಿ, ಹ್ಯೂಸನ ತಕ್ಕಡಿಯ ವರ್ಷದಲ್ಲೇ. ಅದೂ ಯಾವುದರಲ್ಲಿ? ಚಿನ್ನದ ರೇಕಿನಲ್ಲಿ. ಅಂಥದೊಂದು ಪರೀಕ್ಷೆಯ ಗ್ರಾಫನ್ನು ನಾನು ಒಮ್ಮೆ ಮಾವನಿಗೆ ತೋರಿಸಿದೆ. ಗಣಿ ಆ ಹೊತ್ತಿಗೆ ಮುಚ್ಚಿಹೋಗಿತ್ತು. 2001ರ ಫೆಬ್ರವರಿ 28ಕ್ಕೆ ಬೀಗ ಬಿದ್ದ ಮೇಲೆ ಮಾವ ಬಂಗಾರಪೇಟೆಯ ಮಗಳ ಮನೆಯಲ್ಲಿದ್ದರು. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೆರಳಿನಿಂದ ಗೆರೆಯ ಮೇಲೆ ಸವರಿದರು. “ಚೆನ್ನಾಗಿದೆ ಕಣೋ. ಆದರೆ ಕೈಗೆ ಏನೂ ತಗಲೋದಿಲ್ವಲ್ಲ” ಅಂದರು. ಅತ್ತೆ ಒಳಗಿನಿಂದ, “ತಗಲದಿದ್ದರೆ ಒಳ್ಳೇದಲ್ವೇ?” ಎಂದರು. ಮಾವ ಆ ಮಾತಿಗೆ ಉತ್ತರ ಕೊಡಲಿಲ್ಲ.

ನನ್ನ ಕಸುಬಿನವರೆಲ್ಲರಿಗೂ ಗೊತ್ತಿರುವ ಒಂದು ವಿಮಾನ ಇದೆ. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಹಿಲೋ ಊರಿನಿಂದ ಹೊನೊಲುಲುವಿಗೆ ಹೊರಟ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737. ಹತ್ತೊಂಬತ್ತು ವರ್ಷದ ವಿಮಾನ, ಅಷ್ಟರಲ್ಲಿ 89,680 ಸಲ ಹಾರಿ ಇಳಿದಿತ್ತು. ದ್ವೀಪದಿಂದ ದ್ವೀಪಕ್ಕೆ ಪುಟ್ಟ ಪುಟ್ಟ ಹಾರಾಟ, ಪ್ರತಿ ಸಲವೂ ಒಳಗಿನ ಗಾಳಿಯ ಒತ್ತಡಕ್ಕೆ ಮೈ ಉಬ್ಬಿ ಇಳಿಯುವುದು, ಸುತ್ತ ಉಪ್ಪು ಗಾಳಿ. ತಗಡಿನ ಮೇಲೆ ತಗಡು ಕೂಡಿಸಿದ ಕಡೆ ಅಂಟು ಬಿಟ್ಟು, ರಿವೆಟ್ ತೂತುಗಳ ಬಳಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿ, ಒಂದಕ್ಕೊಂದು ಕೈ ಕೊಟ್ಟವು. 24,000 ಅಡಿ ಎತ್ತರದಲ್ಲಿ ಮುಂಭಾಗದ ಚಾವಣಿ ಕಿತ್ತುಹೋಯಿತು. ನಿಂತಿದ್ದ ಗಗನಸಖಿಯೊಬ್ಬರನ್ನು ಗಾಳಿ ಎಳೆದುಕೊಂಡಿತು, ಅವರು ಸಿಗಲೇ ಇಲ್ಲ. ಬೆಲ್ಟು ಕಟ್ಟಿಕೊಂಡು ತೆರೆದ ಆಕಾಶದ ಕೆಳಗೆ ಕೂತಿದ್ದ ಪ್ರಯಾಣಿಕರನ್ನು ಪೈಲಟ್‌ಗಳು ಮಾವಿ ದ್ವೀಪದಲ್ಲಿ ಇಳಿಸಿದರು. ಗಾಯಗಳಾದವು, ಆದರೆ ಅವರೆಲ್ಲರೂ ಬದುಕಿದರು.

ಆ ಅಪಘಾತದ ತನಿಖಾ ವರದಿಯಲ್ಲಿ ನನ್ನ ಕಣ್ಣು ನಿಂತದ್ದು ಎರಡು ಕಡೆ. ಒಂದು, ಪರೀಕ್ಷಕರ ಕೆಲಸದ ಬಗ್ಗೆ ಬರೆದಿದ್ದು. ರಾತ್ರಿ ಹೊತ್ತು, ವಿಮಾನದ ಬೆನ್ನಿನ ಎತ್ತರಕ್ಕೆ ಹತ್ತಿ, ಟಾರ್ಚು ಹಿಡಿದು ರಿವೆಟ್ಟಾದ ಮೇಲೆ ರಿವೆಟ್ಟು, ಸಾಲಾದ ಮೇಲೆ ಸಾಲು. ನಿದ್ದೆಗೆಟ್ಟ ಹೊತ್ತಿನಲ್ಲಿ ಒಂದೇ ಥರದ್ದನ್ನು ಸಾವಿರ ಸಲ ನೋಡುವವನ ಮನಸ್ಸು ಹೇಗಿರುತ್ತದೆ ಎಂದು ಸರ್ಕಾರಿ ವರದಿಯೊಂದು ಚಿಂತಿಸಿದ್ದನ್ನು ಓದಿ ನನಗೆ ಯಾರೋ ಬೆನ್ನು ತಟ್ಟಿದ ಹಾಗಾಯಿತು. ವಾಟರ್ ಬಾಕ್ಸಿನಲ್ಲಿ ಮಧ್ಯಾಹ್ನ ಊಟವಾದ ಮೇಲಿನ ಆ ಹೊತ್ತು, “ಹದಿನಾರನೇ ಸಾಲು, ಒಂಬತ್ತನೇ ಟ್ಯೂಬು” ಎಂಬ ಮೇಸ್ತ್ರಿಯ ಜೋಗುಳ, ಹಸಿರು ಚುಕ್ಕಿ, ಅದು ಅಲ್ಲೇ ಕೂತಿರುವುದು, ಮತ್ತೂ ಅಲ್ಲೇ ಕೂತಿರುವುದು. ಏನೂ ಆಗದೆ ಇರುವುದನ್ನು ಎಚ್ಚರದಿಂದ ನೋಡುತ್ತ ಕೂರುವುದಕ್ಕಿಂತ ದಣಿವಿನ ಕೆಲಸ ಇನ್ನೊಂದಿಲ್ಲ.

ಇನ್ನೊಂದು ಕಡೆ ಒಬ್ಬ ಪ್ರಯಾಣಿಕಳ ಹೇಳಿಕೆ. ವಿಮಾನ ಹತ್ತುವಾಗ ಬಾಗಿಲ ಪಕ್ಕದ ತಗಡಿನಲ್ಲಿ, ರಿವೆಟ್ ಸಾಲಿನ ಉದ್ದಕ್ಕೆ ಬಿರುಕೊಂದು ಆಕೆಗೆ ಕಂಡಿತ್ತು. ಬರಿಗಣ್ಣಿಗೆ ಕಂಡಿತ್ತು. ಆಕೆ ಯಾರಿಗೂ ಹೇಳಲಿಲ್ಲ. ಹಿಂದೆ ಸಾಲು ನಿಂತಿರುತ್ತದೆ, ಮುಂದೆ ಗಗನಸಖಿ ನಗುತ್ತ ನಮಸ್ಕರಿಸುತ್ತಾರೆ, ಇಷ್ಟು ದೊಡ್ಡ ಕಂಪನಿಯವರಿಗೆ ಗೊತ್ತಿರುವುದಿಲ್ಲವೇ ಎನಿಸುತ್ತದೆ. ನಾನಾದರೂ ಹೇಳುತ್ತಿದ್ದೆನೇ? ಹೇಳಿದ್ದರೆ ಕೇಳುತ್ತಿದ್ದರೇ? ಆ ದುರಂತದ ನಂತರ ಮುದಿ ವಿಮಾನಗಳ ಜೋಡಣೆಗಳನ್ನು ಎಡ್ಡಿ ಕರೆಂಟಿನಿಂದ ನೋಡುವ ನಿಯಮಗಳು ಬಿಗಿಯಾದವು. ಅದೇ 1988ರಲ್ಲಿ ಯೂರೋಪಿನ ಎರಡು ಪ್ರಯೋಗಾಲಯಗಳಲ್ಲಿ ಫೆರ್ಟ್ ಮತ್ತು ಗ್ರುನ್‌ಬರ್ಗ್ ದೈತ್ಯ ಕಾಂತರೋಧ ಎಂಬುದನ್ನು ಬೇರೆ ಬೇರೆಯಾಗಿ ಕಂಡರು. 2007ರಲ್ಲಿ ಅದಕ್ಕೆ ನೊಬೆಲ್ ಬಂತು. ಆ ತತ್ವದ ಮೇಲೆ ಮಾಡಿದ ಸಾಸಿವೆಯಷ್ಟು ಸಂವೇದಕಗಳು ಈಗ ಪ್ರೋಬಿನ ತುದಿಯಲ್ಲಿ ಕೂತು, ತಗ್ಗು ಫ್ರೀಕ್ವೆನ್ಸಿಯಲ್ಲಿ ಆಳಕ್ಕಿಳಿದ ಕರೆಂಟಿನ ಪಿಸುಮಾತನ್ನೂ ಕೇಳಿಸಿಕೊಳ್ಳುತ್ತವೆ. ಕಿವಿಗಳು ಸೂಕ್ಷ್ಮವಾಗುತ್ತಲೇ ಇವೆ, ಅದರಲ್ಲಿ ಕೊರತೆಯಿಲ್ಲ.

ಕಡೆಯ ದಿನ ಪಟ್ಟಿ ಹಿಡಿದು ಮ್ಯಾನೇಜರ ಕೋಣೆಗೆ ಹೋದರೆ ಇನ್ನೊಂದು ಚಹಾ. ಇಷ್ಟು ಕೊಳವೆಗಳು ಮುಕ್ಕಾಲು ಸವೆದಿವೆ, ಪ್ಲಗ್ ಹೊಡೆದು ಮುಚ್ಚಿಬಿಡಿ ಎಂದರೆ ಅವರು ಕನ್ನಡಕ ತೆಗೆದು ಒರೆಸುತ್ತಾರೆ. “ಅಂದ್ರೆ ಇನ್ನೂ ಕಾಲು ಭಾಗ ಐತಲ್ಲ?” ಐತೆ. “ಈ ಸೀಸನ್ ಒಂದು ಕಳೀಲಿ, ಮುಂದಿನ ವರ್ಷ ನೀವೇ ಬರ್ತೀರಲ್ಲ.” ಎಷ್ಟೋ ಜನ ಪ್ಲಗ್ ಹೊಡೆಸಿದರು. ಹೊಡೆಸಿದ ಕಡೆ ಏನೂ ಆಗಲಿಲ್ಲ, ಏನೂ ಆಗದಿದ್ದಕ್ಕೆ ‘ಆ ಎಡ್ಡಿಯವರು ಸುಮ್ಮನೆ ಹೆದರಿಸಿದ್ದರು’ ಎಂಬ ಹೆಸರೂ ಬಂತು. ಈಗಿನ ಹುಡುಗರಿಗೆ ಈ ಕಷ್ಟವಿಲ್ಲ. ಪ್ರೋಬನ್ನು ಮೋಟರು ಎಳೆಯುತ್ತದೆ, ಎಂಟುಗಳನ್ನು ಸಾಫ್ಟ್‌ವೇರ್ ಎಣಿಸಿ ಕೆಂಪು, ಹಳದಿ, ಹಸಿರು ಚುಕ್ಕಿಗಳ ಚಿತ್ರ ಬಿಡಿಸಿಕೊಡುತ್ತದೆ. ಮ್ಯಾನೇಜರು ಕಂಪ್ಯೂಟರಿನ ಹತ್ತಿರ ಚೌಕಾಸಿ ಮಾಡುವಂತಿಲ್ಲ. ನನಗೆ ಮಾತ್ರ ಆ ಚೌಕಾಸಿಯ ಹೊತ್ತೇ ನೆನಪಾಗುವುದು. ಅಷ್ಟು ಸಿಹಿ ಚಹಾ ಈಗ ಡಾಕ್ಟರೂ ಕುಡಿಯಬೇಡ ಎಂದಿದ್ದಾರೆ.

ಮನೆಯಲ್ಲಿ ಈ ಕಸುಬಿಗೆ ಮರ್ಯಾದೆ ಅಷ್ಟಕ್ಕಷ್ಟೆ. ಸಾರು ಹೇಗಿದೆ ಎಂದು ಕೇಳಿದರೆ “ದಾಖಲಿಸುವಂಥ ದೋಷವೇನೂ ಕಾಣಲಿಲ್ಲ” ಎಂದು ವರದಿಯ ಭಾಷೆಯಲ್ಲಿ ಹೇಳುತ್ತೇನೆಂದು ನನ್ನ ಹೆಂಡತಿಯ ದೂರು. ನೆಂಟರು ಮಾತ್ರ ನಂಬಿಕೆ ಇಟ್ಟಿದ್ದರು. ಕೈಯಲ್ಲಿ ಹಿಡಿಯುವಂಥ ಚಿಕ್ಕ ಯಂತ್ರ ಬಂದ ಮೇಲೆ, ಎರಡು ಕೆಲಸಗಳ ನಡುವೆ ಅದು ನಮ್ಮ ಮನೆಯಲ್ಲೇ ಇರುತ್ತಿತ್ತು. ಸುದ್ದಿ ಹೇಗೋ ಹರಡಿ, ಒಂದು ಮಧ್ಯಾಹ್ನ ದೊಡ್ಡಮ್ಮ ಬಸ್ಸು ಹತ್ತಿ ಬಂದು, ಕೈಯ ಎರಡೂ ಚಿನ್ನದ ಬಳೆ ತೆಗೆದು ಊಟದ ಮೇಜಿನ ಮೇಲಿಟ್ಟರು. “ಇವು ಸರಿಯಾಗಿವೆಯಾ ನೋಡು.”

“ಇದು ಅಕ್ಕಸಾಲಿಗರ ಕೆಲಸ ದೊಡ್ಡಮ್ಮ. ಈ ಮಶೀನು ಕ್ಯಾರೆಟ್ ಹೇಳೋದಿಲ್ಲ. ಎರಡೂ ಒಂದೇ ಥರ ಇವೆಯೋ ಇಲ್ಲವೋ ಅಷ್ಟೇ ಹೇಳುತ್ತೆ.”

“ಅಷ್ಟೇ ಹೇಳಲಿ.”

ಪೆನ್ಸಿಲಿನಂಥ ಪ್ರೋಬನ್ನು ಎಡಗೈಯ ಬಳೆಯ ಒಳಮೈಗೆ ಇಟ್ಟು ಚುಕ್ಕಿಯನ್ನು ನಡುವಿಗೆ ತಂದೆ. ಅದೇ ಜಾಗದಲ್ಲಿ ಬಲಗೈಯದಕ್ಕೆ ಇಟ್ಟರೆ ಚುಕ್ಕಿ ಪರದೆಯ ಅಂಚಿಗೆ ಹಾರಿತು. ಫ್ರೀಕ್ವೆನ್ಸಿ ತಗ್ಗಿಸಿದೆ, ಇನ್ನೂ ದೂರ ಹೋಯಿತು. ತೆಳು ತಗಡು, ಒಳಗೆ ಲೋಹವಲ್ಲದ್ದೇನೋ ಇದೆ. ನಾನು ಪ್ರೋಬು ತಿರುಗಿಸುತ್ತ, ಕೇಬಲ್ಲು ಸರಿಮಾಡುತ್ತ, ಏನು ಹೇಳುವುದೆಂದು ಹೊತ್ತು ಕಳೆಯುತ್ತಿದ್ದೆ.

“ಬ್ಯಾಟರಿ ಸ್ವಲ್ಪ ಕಡಿಮೆ ಇದೆ ಅನ್ಸುತ್ತೆ” ಅಂದೆ.

“ಬ್ಯಾಟರಿ ಸರಿಯಾಗೇ ಇದೆ ಕಣೋ. ಎಡಗೈದು ನಮ್ಮ ಅತ್ತೆ ಕೊಟ್ಟಿದ್ದು, ಗಟ್ಟಿ. ಬಲಗೈದು ನಿಮ್ಮ ದೊಡ್ಡಪ್ಪ ಚೀಟಿ ಮುಳುಗಿದ ವರ್ಷ ನನಗೆ ತಿಳಿಯದ ಹಾಗೆ ಮಾರಿ, ಹಾಗೇ ಇನ್ನೊಂದು ಮಾಡಿಸಿ ತಂದಿಟ್ಟರು. ಒಳಗೆ ಬರೀ ಅರಗು.”

“ನಿನಗೆ ಹೇಗೆ ಗೊತ್ತಾಯಿತು?”

“ಪಾತ್ರೆ ತೊಳೆಯುವಾಗ ತಗಲಿದರೆ ಸದ್ದೇ ಬೇರೆ. ಮಾರನೇ ದಿನವೇ ಗೊತ್ತಾಯಿತು.”

“ದೊಡ್ಡಪ್ಪನನ್ನು ಕೇಳಲಿಲ್ವಾ?”

“ಏನಂತ ಕೇಳಲಿ? ಕೊನೆವರೆಗೂ ನನಗೆ ಗೊತ್ತಿಲ್ಲ ಅಂತಲೇ ಅಂದುಕೊಂಡಿದ್ದರು, ಪಾಪ.”

“ಮತ್ತೆ ಇಷ್ಟು ದೂರ ಬಸ್ಸಿನಲ್ಲಿ ಯಾಕೆ ತಂದೆ?”

“ನಿನ್ನ ಮಶೀನು ನೆಟ್ಟಗೆ ಕೆಲಸ ಮಾಡುತ್ತೋ ಇಲ್ಲವೋ ಯಾರಾದರೂ ನೋಡಬೇಕಲ್ಲ” ಎಂದು ದೊಡ್ಡಮ್ಮ ಬಳೆಗಳನ್ನು ಒಂದೊಂದೇ ಏರಿಸಿಕೊಂಡರು. ಅಡುಗೆಮನೆಯ ಕಡೆ ಒಮ್ಮೆ ಇಣುಕಿ ನೋಡಿ ದನಿ ತಗ್ಗಿಸಿದರು. “ಪರವಾಗಿಲ್ಲ, ಸರಿಯಾಗಿದೆ. ನಿನ್ನ ಹೆಂಡತಿಗೆ ಮಾತ್ರ ಹೇಳಬೇಡ. ಬಲಗೈದು ಅವಳಿಗೇ ಅಂತ ಇಟ್ಟಿದ್ದೀನಿ.”